ಹಳೆಯದು ಸಾಕೇ, ಹೊಸದೇ ಬೇಕೇ?



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಅಕ್ಕಿ ಬೇಳೆ, ಮಕ್ಕಳ ಫೀಸು, ಗ್ಯಾಸ್ ಸಿಲಿಂಡರಿನ ಲೆಕ್ಕ ಮಾತಾಡಿಕೊಳ್ಳುತ್ತೇವೆ. ಈ ಸಲ ಇನ್ನೊಂದು ಸಿಲಿಂಡರಿನ ಬಗ್ಗೆ ಬರೆಯುತ್ತಿದ್ದೇನೆ. ಇದು ಅಡುಗೆಮನೆಯದ್ದಲ್ಲ, ಕಾರಿನದ್ದು. "ಅದು ಗಂಡಸರ ವಿಷಯ, ನಮಗೇಕೆ?" ಎಂದು ಪುಟ ತಿರುಗಿಸಬೇಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈಗ ಕಾರಿದೆ. ಎಷ್ಟೋ ಸಹೋದರಿಯರು ತಾವೇ ಕಾರು ಓಡಿಸುತ್ತಾರೆ. ಇನ್ನೆಷ್ಟೋ ಮನೆಗಳಲ್ಲಿ ಗಂಡ, ಮಗ, ತಮ್ಮ ಗ್ಯಾರೇಜಿನಲ್ಲಿ ದುಡಿದು ಅನ್ನ ತರುತ್ತಾರೆ. ರಿಪೇರಿಯ ಬಿಲ್ಲು ಕೊನೆಗೆ ಮನೆಯ ಖರ್ಚಿನ ಪುಸ್ತಕಕ್ಕೇ ಬಂದು ಸೇರುತ್ತದೆ. ಹಾಗಿರುವಾಗ ಅದು ನಮ್ಮ ವಿಷಯ ಹೇಗಾಗುವುದಿಲ್ಲ?

ಕ್ಯಾತನಹಳ್ಳಿ ನನ್ನ ದೊಡ್ಡಕ್ಕನನ್ನು ಕೊಟ್ಟ ಊರು. ಪಾಂಡವಪುರ ತಾಲೂಕಿನ ಆ ಕಡೆಯೆಲ್ಲ ಕಬ್ಬು, ಭತ್ತ. ಕಬ್ಬು ಕಡಿಯುವ ಕಾಲ ಬಂತೆಂದರೆ ರಸ್ತೆಯ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ಸಿಕ್ಕಿಕೊಂಡ ಕಾರಿಗೆ ಒಂದನೇ ಗೇರು, ಎರಡನೇ ಗೇರು, ಮತ್ತೆ ಒಂದನೇ ಗೇರು. ಭಾವ ಕೆಲವು ವರ್ಷಗಳ ಹಿಂದೆ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಂಡಿದ್ದರು. ಹೋದ ವರ್ಷ ಕಬ್ಬಿನ ಕಾಲದಲ್ಲೇ ಅದರ ಕ್ಲಚ್ ಸೋತಿತು. ಮೇಲುಕೋಟೆಯ ಏರಿನಲ್ಲಿ ಇಂಜಿನ್ ಜೋರಾಗಿ ಕೂಗುತ್ತಿತ್ತು, ಕಾರು ಮಾತ್ರ ಮೇಲೆ ಹೋಗಲು ಒಲ್ಲೆ ಎನ್ನುತ್ತಿತ್ತು.

ಗ್ಯಾರೇಜಿನ ಹುಡುಗ ಗೇರ್‌ಬಾಕ್ಸ್ ಇಳಿಸಿ ಫೋನ್ ಮಾಡಿದ.

"ಸಾಬ್ರೇ, ಪ್ಲೇಟ್ ಸೆಟ್ ಪೂರಾ ಹೋಗಿದೆ, ಬದಲಾಯಿಸಲೇಬೇಕು. ಒಳಗಿರೋ ಸಿಲಿಂಡರೂ ಹಳೇದಾಗಿದೆ. ಅದನ್ನೂ ಹೊಸದು ಹಾಕ್ಲಾ?"

"ಅದು ಸೋರ್ತಾ ಇದೆಯಾ?"

"ಸದ್ಯಕ್ಕೆ ಸೋರ್ತಾ ಇಲ್ಲ."

"ಹಾಗಾದ್ರೆ ಹಳೇದನ್ನೇ ಹಾಕಪ್ಪ. ಚೆನ್ನಾಗಿರೋದನ್ನ ಯಾಕೆ ಬಿಸಾಕೋದು?"

ಭಾವನ ಮಾತಿನಲ್ಲಿ ತಪ್ಪೇನಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಮುಂದೆ ಆಸ್ಪತ್ರೆಯ ಖರ್ಚು, ಅಕೀಕಾದ ಖರ್ಚು ಇತ್ತು. ಉಳಿದಷ್ಟು ಉಳಿಯಲಿ ಎಂದುಕೊಂಡರು.

ಮೂರು ವಾರ ಕಾರು ಚೆನ್ನಾಗಿಯೇ ಓಡಿತು. ಒಂದು ದಿನ ಫಜ್ರ್ ನಮಾಝಿನ ಹೊತ್ತಿಗೆ ಮಗಳಿಗೆ ನೋವು ಕಾಣಿಸಿಕೊಂಡಿತು. ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿಕೊಂಡು ಅಕ್ಕ ಕುಳಿತಳು, ಮೈಸೂರಿಗೆ ಹೊರಟರು. ಪಾಂಡವಪುರ ದಾಟಿ, ಶ್ರೀರಂಗಪಟ್ಟಣ ಇನ್ನೇನು ಹತ್ತಿರ ಬಂತೆನ್ನುವಾಗ ರಸ್ತೆ ಉಬ್ಬು ಬಂತು. ವೇಗ ತಗ್ಗಿಸಲು ಭಾವ ಕ್ಲಚ್ ತುಳಿದರು. ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕುಳಿತುಬಿಟ್ಟಿತು. ಇಂಜಿನ್ ಕೆಮ್ಮಿ ನಿಂತಿತು. ಹಿಂದಿನಿಂದ ಲಾರಿ ಹಾರ್ನ್ ಹೊಡೆಯುತ್ತಿತ್ತು. ಮತ್ತೆ ಇಂಜಿನ್ ಶುರು ಮಾಡಿದರೆ ಯಾವ ಗೇರೂ ಬೀಳಲಿಲ್ಲ.

ಪಕ್ಕದ ಮನೆಯ ಗೌಡರಿಗೆ ಫೋನ್ ಮಾಡಿದರು. ಅವರು ಹಾಸಿಗೆಯಿಂದ ಎದ್ದವರು ಹಾಗೇ ತಮ್ಮ ಕಾರು ತಂದು, ತಾಯಿ ಮಗಳನ್ನು ಕೂರಿಸಿಕೊಂಡು ಮೈಸೂರಿಗೆ ತಲುಪಿಸಿದರು. ಅಲ್ಲಾಹನ ಕೃಪೆಯಿಂದ ತಾಯಿ, ಮಗು ಇಬ್ಬರೂ ಕ್ಷೇಮ. ಆದರೆ ರಸ್ತೆ ಬದಿಯಲ್ಲಿ ಕಾದ ಆ ಅರ್ಧ ಗಂಟೆಯನ್ನು ಅಕ್ಕ ಇವತ್ತಿಗೂ ಮರೆತಿಲ್ಲ.

ಕಾರನ್ನು ಎಳೆಸಿಕೊಂಡು ಹೋಗಿ ಗೇರ್‌ಬಾಕ್ಸನ್ನು ಎರಡನೇ ಸಲ ಇಳಿಸಿದರು. ಒಳಗಿನ ಸಿಲಿಂಡರ್ ಸೋರಿ, ಬ್ರೇಕ್ ಆಯಿಲ್ ಹೊಸ ಕ್ಲಚ್ ಪ್ಲೇಟಿನ ಮೇಲೆಲ್ಲ ಚೆಲ್ಲಿತ್ತು. ಮೂರು ವಾರದ ಹಿಂದೆ ಹಾಕಿಸಿದ ಪ್ಲೇಟೂ ಹಾಳು. ಒಂದು ಭಾಗದ ದುಡ್ಡು ಉಳಿಸಲು ಹೋಗಿ ಕೂಲಿ ಎರಡು ಸಲ, ಪ್ಲೇಟು ಎರಡು ಸಲ, ಮೇಲೆ ಎಳೆಸಿದ ಖರ್ಚು.

ಅಕ್ಕ ಓದಿದ್ದು ಏಳನೇ ತರಗತಿ. ವಿಷಯವೆಲ್ಲ ತಿಳಿದ ಮೇಲೆ ಅವಳು ಗಂಡನಿಗೆ ಕೇಳಿದ್ದು ಇಷ್ಟೇ: "ಏನ್ರೀ, ಬೋರ್‌ವೆಲ್ ಮೋಟರ್ ಮೇಲೆತ್ತಿಸಿದಾಗ ಹಳೇ ಕೇಬಲ್ ಜಾಯಿಂಟನ್ನ ಹಾಗೇ ಕೆಳಕ್ಕೆ ಬಿಡ್ತೀವಾ? ಎತ್ತೋ ಕೂಲಿ ಮತ್ತೆ ಕೊಡ್ಬೇಕಾಗತ್ತೆ ಅಂತ ಆಗಲೇ ಹೊಸದು ಮಾಡಿಸಲ್ವಾ? ನನ್ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿರಲಿಲ್ವಾ?"

ಸಹೋದರಿಯರೇ, ಈ ಲೇಖನದಲ್ಲಿ ನಾನು ಹೇಳಬೇಕಾದ್ದೆಲ್ಲ ಅಕ್ಕನ ಆ ಮಾತಿನಲ್ಲಿದೆ. ಒಂದು ಭಾಗದ ಬೆಲೆ ಎಷ್ಟು ಎಂದು ಕೇಳಿದರೆ ಸಾಲದು. ಆ ಭಾಗವನ್ನು ಮುಟ್ಟಲು ಎಷ್ಟು ಖರ್ಚಾಗುತ್ತದೆ ಎಂದೂ ಕೇಳಬೇಕು.

ಕ್ಲಚ್ ಎಂದರೇನು?

ಇಂಜಿನ್ ಸದಾ ತಿರುಗುತ್ತಿರುತ್ತದೆ. ಗೇರ್ ಬದಲಾಯಿಸುವಾಗ ಮತ್ತು ಕಾರು ನಿಂತಾಗ ಇಂಜಿನ್ನಿಗೂ ಚಕ್ರಗಳಿಗೂ ನಡುವಿನ ಸಂಬಂಧ ಸ್ವಲ್ಪ ಹೊತ್ತು ಬಿಡಬೇಕು. ಆ ಕೆಲಸ ಕ್ಲಚ್ಚಿನದು. ಇಂಜಿನ್ನಿನ ತುದಿಯ ಫ್ಲೈವೀಲಿಗೂ ಪ್ರೆಷರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟ್ ಬಿಗಿಯಾಗಿ ಕುಳಿತಿರುತ್ತದೆ. ನಾವು ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಎಂಬ ಭಾಗ ಮುಂದೆ ಬಂದು ಪ್ರೆಷರ್ ಪ್ಲೇಟಿನ ನಡುವಿನ ಸ್ಪ್ರಿಂಗನ್ನು ಒತ್ತುತ್ತದೆ. ಆಗ ಬಿಗಿ ಸಡಿಲವಾಗಿ ಪ್ಲೇಟ್ ಬಿಡುಗಡೆಯಾಗುತ್ತದೆ.

ಪೆಡಲ್ ಇರುವುದು ನಮ್ಮ ಕಾಲ ಬಳಿ, ಬೇರಿಂಗ್ ಇರುವುದು ಗೇರ್‌ಬಾಕ್ಸಿನ ಒಳಗೆ. ಕಾಲಿನ ಒತ್ತಡವನ್ನು ಅಲ್ಲಿಗೆ ತಲುಪಿಸುವವರು ಯಾರು? ಮಾರುತಿ 800ರಂತಹ ಕಾರುಗಳಲ್ಲಿ ಆ ಕೆಲಸವನ್ನು ಸೈಕಲ್ ಬ್ರೇಕಿನಂತೆ ಒಂದು ತಂತಿಯ ಕೇಬಲ್ ಮಾಡುತ್ತದೆ. ಬೇರೆ ಅನೇಕ ಕಾರುಗಳಲ್ಲಿ ಎಣ್ಣೆಯ ಒತ್ತಡ ಮಾಡುತ್ತದೆ. ಇದಕ್ಕೇ ಹೈಡ್ರಾಲಿಕ್ ಕ್ಲಚ್ ಎನ್ನುತ್ತಾರೆ.

ಇದನ್ನು ಮಕ್ಕಳಿಗೆ ಮನೆಯಲ್ಲೇ ತೋರಿಸಬಹುದು. ಸೂಜಿಯಿಲ್ಲದ ಎರಡು ಹೊಸ ಸಿರಿಂಜುಗಳನ್ನು ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆಯಿಂದ ಜೋಡಿಸಿ, ಒಳಗೆ ನೀರು ತುಂಬಿ. ಒಂದನ್ನು ಒತ್ತಿದರೆ ಇನ್ನೊಂದು ಹೊರಬರುತ್ತದೆ. ಪೆಡಲ್ ಬಳಿಯ ಸಿರಿಂಜು ಮಾಸ್ಟರ್ ಸಿಲಿಂಡರ್. ಗೇರ್‌ಬಾಕ್ಸ್ ಬಳಿಯದು ಸ್ಲೇವ್ ಸಿಲಿಂಡರ್. ನೀರಿನ ಜಾಗದಲ್ಲಿ ಬ್ರೇಕ್ ಆಯಿಲ್ ಇರುತ್ತದೆ. ಕೊಳವೆಯೊಳಗೆ ಗಾಳಿ ಸೇರಿಕೊಂಡರೆ ಏನಾಗುತ್ತದೆ ಎಂಬುದನ್ನೂ ಸಿರಿಂಜಿನಲ್ಲೇ ನೋಡಬಹುದು. ನೀವು ಒತ್ತಿದ ಬಲವನ್ನೆಲ್ಲ ಆ ಗಾಳಿಯ ಗುಳ್ಳೆ ನುಂಗುತ್ತದೆ. ಕಾರಿನ ಪೆಡಲ್ ಸ್ಪಂಜಿನಂತೆ ಮೆತ್ತಗಾಗುವುದು ಹೀಗೆ.

ಒಳಗೋ, ಹೊರಗೋ?

ಈಗ ಮುಖ್ಯ ವಿಷಯಕ್ಕೆ ಬರೋಣ. ಸ್ಲೇವ್ ಸಿಲಿಂಡರ್ ಎರಡು ಬಗೆ.

ಮೊದಲನೆಯದು ಗೇರ್‌ಬಾಕ್ಸಿನ ಹೊರಗೆ ಬೋಲ್ಟಿನಿಂದ ಕುಳಿತಿರುವುದು. ಟೊಯೋಟಾ ಕ್ವಾಲಿಸ್, ಹಳೆಯ ಇನ್ನೋವಾಗಳಲ್ಲಿ ಹೀಗಿದೆ. ಅದು ಹೊರಗಿನಿಂದ ಒಂದು ಕವಲನ್ನು ತಳ್ಳುತ್ತದೆ, ಆ ಕವಲು ಒಳಗಿನ ಬೇರಿಂಗನ್ನು ತಳ್ಳುತ್ತದೆ. ಈ ಬಗೆಯ ಸಿಲಿಂಡರ್ ಕೆಟ್ಟರೆ ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ. ಕಾರಿನ ಕೆಳಗೆ ಮಲಗಿ ಬೋಲ್ಟು ಬಿಚ್ಚಿ ತೆಗೆಯಬಹುದು.

ಎರಡನೆಯದು ಗೇರ್‌ಬಾಕ್ಸಿನ ಒಳಗೆ, ಅದರ ಶಾಫ್ಟಿನ ಸುತ್ತ ಬಳೆಯಂತೆ ಕುಳಿತಿರುವುದು. ರಿಲೀಸ್ ಬೇರಿಂಗೂ ಅದಕ್ಕೇ ಅಂಟಿಕೊಂಡಿರುತ್ತದೆ. ಫೋರ್ಡ್ ಫಿಗೋದಂತಹ ಕಾರುಗಳಲ್ಲಿ ಇದೇ ಏರ್ಪಾಡು. ಇದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್ ಕೆಳಗಿಳಿಯಲೇಬೇಕು. ಭಾವನ ಕಾರಿನಲ್ಲಿದ್ದದ್ದೂ ಈ ಒಳಗಿನ ಬಗೆಯೇ.

ಒಂದು ಲೆಕ್ಕ ಹಾಕಿ ನೋಡಿ. ಮಾತಿಗೆ, ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ 5,000 ರೂಪಾಯಿ, ಒಳಗಿನ ಸಿಲಿಂಡರಿನ ಬೆಲೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. ಕ್ಲಚ್ ಪ್ಲೇಟಿಗೆಂದು ಹೇಗೂ ಇಳಿಸಿದಾಗ ಸಿಲಿಂಡರನ್ನೂ ಬದಲಾಯಿಸಿದರೆ ಹೆಚ್ಚಿಗೆ ಹೋಗುವುದು 3,000. ಆಗ ಬಿಟ್ಟು, ಆಮೇಲೆ ಅದು ಸೋರಿದರೆ 8,000. ಪ್ಲೇಟೂ ನೆನೆದು ಹೋದರೆ ಇನ್ನೂ ಹೆಚ್ಚು. ನಿಮ್ಮ ಊರಿನ ಕೂಲಿ, ಬೆಲೆ ಬೇರೆ ಇರಬಹುದು, ಲೆಕ್ಕದ ದಾರಿ ಒಂದೇ.

ಸೋರದಿದ್ದದ್ದು ಏಕೆ ಸೋರಿತು?

ಭಾವ ಈಗಲೂ ಕೇಳುವುದುಂಟು. "ಅವತ್ತು ಒಂದು ಹನಿಯೂ ಸೋರುತ್ತಿರಲಿಲ್ಲ. ಮೂರೇ ವಾರದಲ್ಲಿ ಏನಾಯಿತು?" ಇದಕ್ಕೆ ಉತ್ತರವಿದೆ, ಅದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಸಿಲಿಂಡರಿನ ಒಳಗೆ ಒಂದು ರಬ್ಬರ್ ಸೀಲ್ ಹಿಂದೆ ಮುಂದೆ ಓಡಾಡುತ್ತದೆ. ಎಣ್ಣೆ ಹೊರಬರದಂತೆ ಹಿಡಿದಿಡುವುದು ಅದೇ. ಕ್ಲಚ್ ಪ್ಲೇಟ್ ಸವೆಯುತ್ತಾ ಹೋದಂತೆ ಪ್ರೆಷರ್ ಪ್ಲೇಟಿನ ಸ್ಪ್ರಿಂಗಿನ ತುದಿಗಳು ಗೇರ್‌ಬಾಕ್ಸಿನ ಕಡೆಗೆ ಬಾಗುತ್ತವೆ. ಸಿಲಿಂಡರಿನ ಪಿಸ್ಟನ್ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಯುತ್ತದೆ. ವರ್ಷಗಟ್ಟಲೆ ಸೀಲ್ ಆ ಹಿಂದಿನ ಜಾಗದಲ್ಲೇ ಓಡಾಡಿ ಅಲ್ಲಿ ಹಾದಿ ನಯವಾಗಿರುತ್ತದೆ. ಮುಂದಿನ ಜಾಗದಲ್ಲಿ ಕ್ಲಚ್ ಸವೆದು ಉದುರಿದ ಪುಡಿ, ಧೂಳು, ತೇವ ಕೂತು ಗಟ್ಟಿಯಾಗಿರುತ್ತದೆ.

ಈಗ ದಪ್ಪನೆಯ ಹೊಸ ಪ್ಲೇಟ್ ಹಾಕಿದಿರಿ. ಸ್ಪ್ರಿಂಗಿನ ತುದಿಗಳು ಮತ್ತೆ ಇಂಜಿನ್ ಕಡೆಗೆ ಹೋದವು. ಪಿಸ್ಟನ್ ಮುಂದಕ್ಕೆ ಬರಲೇಬೇಕು. ಹಳೆಯ, ಗಟ್ಟಿಯಾದ ಸೀಲ್ ಆ ಕೊಳೆ ಕೂತ ಒರಟು ಜಾಗದಲ್ಲಿ ಓಡಾಡಲು ಶುರು ಮಾಡಿತು. ದಿನಕ್ಕೆ ನೂರಾರು ಸಲ. ಹರಿಯದೆ ಏನು ಮಾಡೀತು? ಅಂದರೆ ಹಳೆಯ ಕ್ಲಚ್ಚಿನ ಜೊತೆ ಸುಖವಾಗಿದ್ದ ಸಿಲಿಂಡರ್, ಹೊಸ ಕ್ಲಚ್ ಬಂದ ಕಾರಣಕ್ಕೇ ಸೋರಬಹುದು. "ಈಗ ಸೋರುತ್ತಿಲ್ಲ" ಎಂಬುದು ಮುಂದೆಯೂ ಸೋರುವುದಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಎಲ್ಲವನ್ನೂ ಬದಲಾಯಿಸಬೇಕೇ?

ಬೇಡ. ಇದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಹೆದರಿಕೆಯಿಂದ ಇರುವುದನ್ನೆಲ್ಲ ಬದಲಾಯಿಸುವುದೂ ದುಂದುವೆಚ್ಚವೇ. ಖರ್ಚಿನಲ್ಲಿ ದುಂದೂ ಬೇಡ, ಜಿಪುಣತನವೂ ಬೇಡ, ನಡುವಿನ ದಾರಿ ಹಿಡಿಯಿರಿ ಎಂಬುದು ನಮಗೆ ಕುರ್‌ಆನ್ ಕಲಿಸುವ ಪಾಠ (ಅಲ್ ಫುರ್ಕಾನ್: 67). ಗ್ಯಾರೇಜಿನಲ್ಲಿ ಆ ನಡುವಿನ ದಾರಿ ಹೀಗಿರುತ್ತದೆ.

ಒಳಗಿರುವುದನ್ನು ಬದಲಾಯಿಸಿ. ಗೇರ್‌ಬಾಕ್ಸ್ ಇಳಿದಾಗ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಒಟ್ಟಿಗೆ ಹೊಸದಾಗಲಿ. ಒಳಗಿನ ಬಗೆಯ ಸ್ಲೇವ್ ಸಿಲಿಂಡರ್ ಇದ್ದರೆ ಅದೂ ಹೊಸದಾಗಲಿ. ಇಂಜಿನ್ನಿನ ಹಿಂಬದಿಯ ಆಯಿಲ್ ಸೀಲ್, ಗೇರ್‌ಬಾಕ್ಸ್ ಶಾಫ್ಟಿನ ಆಯಿಲ್ ಸೀಲ್ ಒದ್ದೆಯಾಗಿವೆಯೇ ಎಂದು ನೋಡಿಸಿ. ಒದ್ದೆಯಿದ್ದರೆ ಅವೂ ಆಗಲೇ ಆಗಬೇಕು. ಅಗ್ಗದ ಸೀಲು ಸೋರಿದರೂ ಹಾಳಾಗುವುದು ದುಬಾರಿ ಪ್ಲೇಟೇ.

ಹೊರಗಿರುವುದನ್ನು ನೋಡಿ, ಚೆನ್ನಾಗಿದ್ದರೆ ಇಟ್ಟುಕೊಳ್ಳಿ. ಹೊರಗಿನ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿ ನೋಡಿದರೆ ಒಳಗೆ ಒದ್ದೆಯಿದೆಯೋ ಇಲ್ಲವೋ ತಿಳಿಯುತ್ತದೆ. ಒಣಗಿದ್ದರೆ ಹಾಗೇ ಇರಲಿ. ಸ್ವಲ್ಪ ಒದ್ದೆಯಿದ್ದು ಒಳಗೋಡೆ ನಯವಾಗಿದ್ದರೆ, ಕಿಟ್ ಸಿಗುವ ಕಾರುಗಳಲ್ಲಿ ರಬ್ಬರ್ ಕಿಟ್ ಮಾತ್ರ ಹಾಕಿಸಿದರೆ ಸಾಕಾಗಬಹುದು. ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಕಿಟ್ ಹಾಕುವುದು ವ್ಯರ್ಥ, ಹೊಸ ರಬ್ಬರನ್ನೂ ಆ ಗುಳಿಗಳು ತಿಂದುಬಿಡುತ್ತವೆ.

ಮಾಸ್ಟರ್ ಸಿಲಿಂಡರ್ ಪೆಡಲಿನ ಬಳಿ ಇರುತ್ತದೆ. ಗೇರ್‌ಬಾಕ್ಸ್ ಇಳಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕೆಟ್ಟಾಗ ಬದಲಾಯಿಸಿದರಾಯಿತು. ಪೆಡಲಿನ ಮೇಲ್ಗಡೆ ಅದರ ಕಡ್ಡಿಯ ಬಳಿ ಕೈಯಿಟ್ಟು ನೋಡಿ, ಕಾರ್ಪೆಟ್ ಮುಟ್ಟಿ ನೋಡಿ. ಜಿಡ್ಡಾದ ಒದ್ದೆ ಕಂಡರೆ ಅದು ಸೋರುತ್ತಿದೆ ಎಂದರ್ಥ. ಹೊರಗೆ ಸೋರದೆ ಒಳಗೊಳಗೇ ಸೋಲುವುದೂ ಉಂಟು. ಆಗ ಎಣ್ಣೆ ಕಡಿಮೆಯಾಗುವುದಿಲ್ಲ, ಆದರೆ ಪೆಡಲ್ ತುಳಿದು ಹಿಡಿದರೆ ಮೆಲ್ಲಗೆ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ.

ಎಣ್ಣೆಯ ವಿಷಯ

ಬ್ರೇಕ್ ಆಯಿಲ್ ಎಂದು ನಾವು ಕರೆದರೂ ಅದು ಇಂಜಿನ್ ಆಯಿಲಿನಂತಹ ಎಣ್ಣೆಯಲ್ಲ. ಡಬ್ಬಿಯ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ. ನಿಮ್ಮ ಕಾರಿಗೆ ಯಾವುದು ಎಂದು ಎಣ್ಣೆ ತುಂಬುವ ಮುಚ್ಚಳದ ಮೇಲೋ ಕಾರಿನ ಪುಸ್ತಕದಲ್ಲೋ ಇರುತ್ತದೆ. ಉಪ್ಪು ಮಳೆಗಾಲದಲ್ಲಿ ತೇವ ಹೀರುವಂತೆ ಇದು ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದರೆ ಸಿಲಿಂಡರಿನ ಒಳಗೆ ತುಕ್ಕು. ಆದ್ದರಿಂದಲೇ ಸುಮಾರು ಎರಡು ವರ್ಷಕ್ಕೊಮ್ಮೆ ಇದನ್ನು ಬದಲಾಯಿಸಬೇಕೆಂದು ಅನೇಕ ಕಂಪೆನಿಗಳು ಹೇಳುತ್ತವೆ. ಗ್ಯಾರೇಜಿನ ಮೂಲೆಯಲ್ಲಿ ತೆರೆದಿಟ್ಟ ಹಳೆಯ ಡಬ್ಬಿಯದು ಬೇಡ, ಸೀಲ್ ಒಡೆಯದ ಡಬ್ಬಿ ನಿಮ್ಮ ಕಣ್ಣೆದುರು ಒಡೆಯಲಿ.

ಅವಸರದಲ್ಲಿ ಅದರ ಬದಲು ಇಂಜಿನ್ ಆಯಿಲ್ ಹಾಕಿದರೆ ಸೀಲುಗಳ ರಬ್ಬರ್ ಉಬ್ಬಿ ಎಲ್ಲವೂ ಕೆಡುತ್ತದೆ. ಅನೇಕ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯಿಂದ ಎಣ್ಣೆ ಹೋಗುತ್ತದೆ. ಅಲ್ಲಿ ಮಾಡಿದ ತಪ್ಪು ಬ್ರೇಕಿಗೂ ತಟ್ಟುತ್ತದೆ. ಡಬ್ಬಿಯಲ್ಲಿ ಎಣ್ಣೆ ಪದೇ ಪದೇ ಇಳಿಯುತ್ತಿದ್ದರೆ ಮೇಲಿಂದ ತುಂಬಿ ಸುಮ್ಮನಾಗಬೇಡಿ, ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕಿಸಿ. ಇನ್ನೊಂದು ಮಾತು ತಾಯಂದಿರಿಗೆ: ಉಳಿದ ಬ್ರೇಕ್ ಆಯಿಲನ್ನು ನೀರಿನ ಬಾಟಲಿಯಲ್ಲಿ ಹಾಕಿ ಮನೆಯಲ್ಲಿಡಬೇಡಿ. ಅದು ವಿಷ. ಮಕ್ಕಳು ಶರಬತ್ತೆಂದು ಕುಡಿದುಬಿಟ್ಟಾರು.

ಗ್ಯಾರೇಜಿನವರನ್ನು ಕೇಳಬೇಕಾದ ಐದು ಪ್ರಶ್ನೆಗಳು

1. ನಮ್ಮ ಕಾರಿಗೆ ಕೇಬಲ್ ಕ್ಲಚ್ಚೋ, ಹೈಡ್ರಾಲಿಕ್ಕೋ? ಕೇಬಲ್ ಇರುವ ಕಾರಿನ ಬಿಲ್ಲಿನಲ್ಲಿ ಸ್ಲೇವ್ ಸಿಲಿಂಡರ್ ಎಂದು ಬರೆದಿದ್ದರೆ ನಗುತ್ತಲೇ ಕೇಳಿ, "ಅಣ್ಣಾ, ಇದು ಯಾರ ಕಾರಿಂದು?"

2. ಸ್ಲೇವ್ ಸಿಲಿಂಡರ್ ಒಳಗಿದೆಯೋ, ಹೊರಗಿದೆಯೋ? ಇಡೀ ತೀರ್ಮಾನ ಈ ಒಂದು ಉತ್ತರದ ಮೇಲೆ ನಿಂತಿದೆ.

3. ಹಾಕುವ ಮಾಲು ಯಾವ ಕಂಪೆನಿಯದು? ಡಬ್ಬಿ, ಬಿಲ್ಲು ತೋರಿಸುತ್ತೀರಾ? ಗೇರ್‌ಬಾಕ್ಸಿನ ಒಳಗೆ ಕೂರುವ ಭಾಗದಲ್ಲಿ ಅಗ್ಗದ ಡೂಪ್ಲಿಕೇಟ್ ಹಾಕಿದರೆ ಹಳೆಯದನ್ನೇ ಬಿಟ್ಟದ್ದಕ್ಕಿಂತ ಕಡೆ.

4. ತೆಗೆದ ಹಳೆಯ ಭಾಗಗಳನ್ನು ಕೊಡುತ್ತೀರಾ? ಕೊಟ್ಟರೆ ಕಾರಿನಲ್ಲೇ ಹಾಕಿಸಿಕೊಂಡು ಬನ್ನಿ. ಬದಲಾಯಿಸಿದ್ದಕ್ಕೆ ಅದೇ ಗುರುತು.

5. ಏರ್ ಪೂರ್ತಿ ತೆಗೆದಿದ್ದೀರಾ? ಕಾರು ತೆಗೆದುಕೊಳ್ಳುವ ಮುನ್ನ ಇಂಜಿನ್ ಶುರು ಮಾಡಿ ರಿವರ್ಸ್ ಗೇರ್ ಹಾಕಿ ನೋಡಿ. ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಲ್ಲೇ ಹೇಳಿ.

ಕೆಲಸ ಮಾಡುವ ಸಹೋದರರಿಗೂ ಒಂದೆರಡು ಮಾತು. ಒಳಗಿನ ಬಗೆಯ ಹೊಸ ಸಿಲಿಂಡರನ್ನು ಕೈಯಿಂದ ಒತ್ತಿ ಪರೀಕ್ಷೆ ಮಾಡಬಾರದು, ಒಣಗಿರುವ ಸೀಲ್ ಮಡಚಿಕೊಳ್ಳುತ್ತದೆ. ಗೇರ್‌ಬಾಕ್ಸ್ ಕೆಳಗಿರುವಾಗ ಯಾರೂ ಪೆಡಲ್ ತುಳಿಯಬಾರದು, ತಡೆಯಿಲ್ಲದ ಪಿಸ್ಟನ್ ಹೊರಗೇ ಬಂದುಬಿಡುತ್ತದೆ. ಏರ್ ತೆಗೆಯುವಾಗ ಪೆಡಲನ್ನು ಪಟಪಟನೆ ಹೊಡೆಯದೆ ನಿಧಾನವಾಗಿ ಒತ್ತಬೇಕು.

ಬಿಲ್ಲು ಕೇಳುವುದು ಅವಮಾನ ಮಾಡಿದಂತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆಗೆ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 18% ಆಗಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ. ಮಾತಿನಿಂದ ಬಗೆಹರಿಯದ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಕಾಲಾವಕಾಶವಿದೆ.

ಕಾಣದ ಜಾಗದ ಅಮಾನತು

ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿದ ಘಟನೆ ನಿಮಗೆಲ್ಲ ಗೊತ್ತು. ಮೇಲೆ ಒಣಗಿದ ಕಾಳು, ಕೆಳಗೆ ಮಳೆಯಲ್ಲಿ ನೆನೆದದ್ದು. ಜನರಿಗೆ ಕಾಣುವಂತೆ ಒದ್ದೆಯಾದದ್ದನ್ನು ಮೇಲೇಕೆ ಇಡಲಿಲ್ಲ ಎಂದು ಅವರು ವ್ಯಾಪಾರಿಯನ್ನು ಕೇಳಿದರು, ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದರು.

ಗೇರ್‌ಬಾಕ್ಸ್ ಎಂದರೆ ಅಂಥದ್ದೇ ರಾಶಿ. ಅದನ್ನು ಮುಚ್ಚಿ ಬೋಲ್ಟು ಬಿಗಿದ ಮೇಲೆ ಒಳಗೆ ಹಳೆಯದಿದೆಯೋ ಹೊಸದಿದೆಯೋ ಗಿರಾಕಿಗೆ ಕಾಣುವುದಿಲ್ಲ. ಮೆಕ್ಯಾನಿಕ್ಕಿಗೆ ಗೊತ್ತು, ಅಲ್ಲಾಹನಿಗೆ ಗೊತ್ತು. ನಮ್ಮ ಸಮುದಾಯದ ಸಾವಿರಾರು ಕುಟುಂಬಗಳು ಈ ಕಸುಬನ್ನು ನಂಬಿ ಬದುಕುತ್ತಿವೆ. ನಿಮ್ಮ ಮಗ, ನಿಮ್ಮ ಗಂಡ ಆ ಕೆಲಸದಲ್ಲಿದ್ದರೆ ರಾತ್ರಿ ಊಟ ಬಡಿಸುವಾಗ ಒಂದು ಮಾತು ಕೇಳಿ. "ಇವತ್ತು ಯಾರ ಗಾಡಿ ಮಾಡಿದಿರಿ? ಅವರಿಗೆ ಎಲ್ಲ ಬಿಡಿಸಿ ಹೇಳಿದಿರಾ?" ಬೇಡದ ಭಾಗ ಹಾಕಿ ಬಿಲ್ಲು ಏರಿಸುವುದು ಹೇಗೆ ತಪ್ಪೋ, ಗಿರಾಕಿ ಬೇಡವೆಂದ ಎಂದು ಅಪಾಯವನ್ನು ಬಿಡಿಸಿ ಹೇಳದೆ ಸುಮ್ಮನಾಗುವುದೂ ಹಾಗೆಯೇ ಕೊರತೆ. ಆ ಹುಡುಗ ಭಾವನಿಗೆ "ಈಗ ಸೋರುತ್ತಿಲ್ಲ" ಎಂದ. ಅದು ಸುಳ್ಳಲ್ಲ. ಆದರೆ "ಹೊಸ ಪ್ಲೇಟಿಗೆ ಹಳೇ ಸೀಲ್ ತಡೆಯೋದು ಕಷ್ಟ, ಆಮೇಲೆ ಮತ್ತೆ ಇಳಿಸ್ಬೇಕಾಗತ್ತೆ" ಎಂಬ ಇನ್ನೊಂದು ವಾಕ್ಯ ಹೇಳಿದ್ದರೆ ಭಾವ ಖಂಡಿತ ಒಪ್ಪುತ್ತಿದ್ದರು. ಅರ್ಧ ಹೇಳಿದ ಸತ್ಯ ನಡುರಸ್ತೆಯಲ್ಲಿ ಕೈಕೊಟ್ಟಿತು.

ಓಡಿಸುವ ಸಹೋದರಿಯರಿಗೆ

ಗೇರ್ ಬದಲಾಯಿಸಿದ ಮೇಲೆ ಕಾಲನ್ನು ಪೆಡಲ್ ಮೇಲೆ ಇಟ್ಟುಕೊಳ್ಳಬೇಡಿ, ಪಕ್ಕಕ್ಕೆ ತೆಗೆಯಿರಿ. ಸಿಗ್ನಲಿನಲ್ಲಿ, ರೈಲ್ವೆ ಗೇಟಿನಲ್ಲಿ ಕ್ಲಚ್ ತುಳಿದುಕೊಂಡು ಕಾಯಬೇಡಿ, ನ್ಯೂಟ್ರಲ್ ಮಾಡಿ. 2023ರ ಆಗಸ್ಟಿನಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಬಿಡುತ್ತಿಲ್ಲ. ಅವು ಸರ್ವಿಸ್ ರಸ್ತೆಯಲ್ಲಿ ಹೋಗಬೇಕು, ಅಲ್ಲಿ ಕ್ಲಚ್ಚಿಗೆ ಕೆಲಸ ಜಾಸ್ತಿ. ಮುಂದಿನ ಗಾಡಿಗೆ ಸ್ವಲ್ಪ ಅಂತರ ಬಿಟ್ಟು ಹೋದರೆ ಪದೇ ಪದೇ ತುಳಿಯುವುದು ತಪ್ಪುತ್ತದೆ.

ಓಡುವಾಗಲೇ ಪೆಡಲ್ ನೆಲಕ್ಕಿಳಿದರೆ ಗಾಬರಿಯಾಗಬೇಡಿ. ಎಕ್ಸಿಲರೇಟರಿನಿಂದ ಕಾಲು ತೆಗೆಯುತ್ತಲೇ ಗೇರನ್ನು ಮೆಲ್ಲಗೆ ನ್ಯೂಟ್ರಲಿಗೆ ಎಳೆಯಿರಿ, ಸಾಮಾನ್ಯವಾಗಿ ಬರುತ್ತದೆ. ನಾಲ್ಕೂ ಇಂಡಿಕೇಟರ್ ಹಾಕಿ ಬ್ರೇಕ್ ಹಿಡಿದು ಎಡಕ್ಕೆ ನಿಲ್ಲಿಸಿ. ಮತ್ತೆ ಹೇಗಾದರೂ ಓಡಿಸಿಕೊಂಡು ಹೋಗೋಣ ಎಂಬ ಸಾಹಸ ಬೇಡ. ಜೊತೆಯಲ್ಲಿ ರೋಗಿಯಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಕೊನೆಯದಾಗಿ, ಮಗುವಿಗೆ ಎದೆಹಾಲು ಬಿಡಿಸುವಂತಹ ವಿಷಯದಲ್ಲೂ ತಂದೆ ತಾಯಿ ಪರಸ್ಪರ ಒಪ್ಪಿ, ಸಮಾಲೋಚಿಸುವುದನ್ನು ಕುರ್‌ಆನ್ ಪ್ರಸ್ತಾಪಿಸುತ್ತದೆ (ಅಲ್ ಬಕರ: 233). ಹಾಗಿರುವಾಗ ಇಡೀ ಮನೆಯವರು ಕೂರುವ ಕಾರಿನ ವಿಷಯದಲ್ಲಿ ಹೆಂಡತಿಯನ್ನು ಒಂದು ಮಾತು ಕೇಳಿದರೆ ಗಂಡಸಿನ ಗೌರವವೇನೂ ಕಡಿಮೆಯಾಗದು. ಪ್ಲೇಟು, ಬೇರಿಂಗು ಅವಳಿಗೆ ಗೊತ್ತಿಲ್ಲದಿರಬಹುದು. ಯಾವುದಕ್ಕೆ ಖರ್ಚು ಮಾಡಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ದಿನವೂ ತೂಗಿ ನೋಡುವವಳು ಅವಳೇ.

ಕಳೆದ ತಿಂಗಳು ಕ್ಯಾತನಹಳ್ಳಿಗೆ ಹೋಗಿದ್ದೆ. ಅಕ್ಕನ ಮೊಮ್ಮಗ ಗೋಡೆ ಹಿಡಿದು ನಿಲ್ಲಲು ಕಲಿತಿದ್ದಾನೆ. ನಾನಿದ್ದಾಗಲೇ ಗ್ಯಾರೇಜಿನಿಂದ ಫೋನ್ ಬಂತು, ಈ ಸಲ ಬ್ರೇಕಿನ ಕೆಲಸಕ್ಕೆ. ಭಾವ ಎರಡು ನಿಮಿಷ ಮಾತಾಡಿ, "ತಡಿಯಪ್ಪಾ" ಎಂದು ಫೋನನ್ನು ಅಕ್ಕನ ಕೈಗೆ ಕೊಟ್ಟರು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು: "ಹೇಳಪ್ಪಾ, ಬಿಚ್ಚಿದ ಮೇಲೆ ಇನ್ನೇನೇನು ಕಾಣ್ತಿದೆ? ಎಲ್ಲಾನೂ ಹೇಳು."